ಕೈಗಡಿಯಾರದ ಪಟ್ಟಿ: ಬಾವಿಯಿಂದ ಕಡಲಿನವರೆಗೆ

ನಮ್ಮ ಊರಿನ ಹೆಸರಲ್ಲೇ ಒಂದು ಪಟ್ಟಿ ಇದೆ, ಕರುಮತ್ತಂಪಟ್ಟಿ. ತಮಿಳಲ್ಲಿ ಪಟ್ಟಿ ಅಂದರೆ ಸಣ್ಣ ಊರು, ದನಕುರಿ ಕೂಡುವ ದೊಡ್ಡಿ. ನಾವು ಮನೆಯೊಳಗೆ ಆಡುವ ಕನ್ನಡದಲ್ಲಿ ಪಟ್ಟಿ ಅಂದರೆ ಗಾಯಕ್ಕೆ ಸುತ್ತುವ ಬಟ್ಟೆ, ಕೈಗಡಿಯಾರಕ್ಕೆ ಹಾಕುವ ವಾರು. ಈ ಬರಹ ಕೈಗಡಿಯಾರದ ಪಟ್ಟಿಯದು. ನೇಕಾರರ ಊರಲ್ಲಿ ಇದನ್ನ ಬರೆಯೋದಕ್ಕೆ ಒಂದು ಕಾರಣ ಇದೆ, ಮೊದಲು ಅದನ್ನೇ ಹೇಳ್ತೀನಿ.

ಅಪ್ಪನಿಗೆ ಮದುವೆಯಲ್ಲಿ ಮಾವನ ಮನೆಯವರು ಒಂದು ವಾಚು ಕೊಟ್ಟಿದ್ದರು. ಅಪ್ಪ ಸೋಮನೂರಿನಲ್ಲಿ ಪವರ್‌ಲೂಮ್ ಓಡಿಸ್ತಿದ್ದರು, ರಜೆ ದಿನ ಚಿಕ್ಕಪ್ಪನ ತೋಟಕ್ಕೆ ಹೋಗ್ತಿದ್ದರು. ನಮ್ಮ ಕಡೆಯ ಬಾವಿ ಗೊತ್ತಲ್ಲ, ಬಂಡೆ ಒಡೆದು ತೆಗೆದದ್ದು, ಇಣುಕಿದರೆ ತಲೆ ತಿರುಗಬೇಕು. ಒಂದು ದಿನ ಪಂಪಿನ ಫುಟ್‌ವಾಲ್ವಿಗೆ ಕಸ ಸಿಕ್ಕಿತ್ತು. ತ್ರೀಫೇಸ್ ಕರೆಂಟು 3 ಗಂಟೆಗೆ ಬರೋದಿತ್ತು. ಅಷ್ಟರೊಳಗೆ ಕೆಲಸ ಮುಗಿಸಿ ಮೇಲೆ ಬರಬೇಕು, ಇಲ್ಲಾಂದರೆ ಜೀವಕ್ಕೇ ಕುತ್ತು. ಅದಕ್ಕೇ ಅಪ್ಪ ವಾಚು ಬಿಚ್ಚದೆ ನೀರಿಗಿಳಿದರು. ಪೈಪು ಅಲ್ಲಾಡಿಸುವಾಗ ಕೈ ಹಗುರ ಆಯ್ತಂತೆ. ನೋಡಿದರೆ ಮಣಿಕಟ್ಟು ಖಾಲಿ! ಅವತ್ತು ರಾತ್ರಿ ಅವ್ವ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಅಪ್ಪ ಎಷ್ಟೋ ವರ್ಷ ಹೇಳ್ತಿದ್ದರು.

ನೀರೊಳಗೆ ಇಳಿದವನಿಗೆ ಹೊತ್ತು ಗೊತ್ತಿರಬೇಕು, ಹೊತ್ತು ತೋರಿಸುವ ವಸ್ತು ಕೈಯಲ್ಲಿ ನಿಲ್ಲಬೇಕು. ಲೋಕದಲ್ಲಿ ಮುಳುಗುಗಾರರ ವಾಚು ಹುಟ್ಟಿದ್ದೂ ಇದೇ ಕಷ್ಟದಿಂದ.

ಮೊದಲು ಗಡಿಯಾರ ಇರುತ್ತಿದ್ದದ್ದು ಜೇಬಿನಲ್ಲಿ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಸಿಪಾಯಿಗಳು ಜೇಬುಗಡಿಯಾರವನ್ನ ಚರ್ಮದ ಬಟ್ಟಲಿನಂಥ ಪಟ್ಟಿಯಲ್ಲಿಟ್ಟು ಕೈಗೆ ಕಟ್ಟಿಕೊಂಡರು. ಒಂದು ಕೈಯಲ್ಲಿ ಕುದುರೆ ಲಗಾಮು, ಇನ್ನೊಂದರಲ್ಲಿ ಕೋವಿ, ಜೇಬಿಗೆ ಕೈ ಹಾಕೋದು ಯಾವಾಗ? ಮೊದಲನೆಯ ಮಹಾಯುದ್ಧದ ಹೊತ್ತಿಗೆ ವಾಚಿನ ಎರಡು ಕಡೆ ತಂತಿಯ ಕಿವಿ ಬೆಸೆದು ಪಟ್ಟಿ ತೂರಿಸುವ ಪದ್ಧತಿ ಬಂತು. ಆ ಕಿವಿ ಕಳಚಿ ಬೀಳುವಂಥದ್ದಲ್ಲ. ಆಮೇಲೆ ಬಂದದ್ದು ಸ್ಪ್ರಿಂಗ್ ಪಿನ್ನು. ಸಣ್ಣ ಕೊಳವೆ, ಒಳಗೊಂದು ಸ್ಪ್ರಿಂಗು, ಎರಡು ತುದಿಯಲ್ಲಿ ಮೊಳೆ. ಪಟ್ಟಿ ಬದಲಿಸೋದು ಇದರಿಂದ ಬಹಳ ಸುಲಭ ಆಯ್ತು, ಕಳಚಿಕೊಳ್ಳೋದೂ ಅಷ್ಟೇ ಸುಲಭ ಆಯ್ತು.

1927ರ ಅಕ್ಟೋಬರಿನಲ್ಲಿ ಮರ್ಸಿಡಿಸ್ ಗ್ಲೈಟ್ಸ ಅನ್ನುವ ಇಂಗ್ಲಿಷ್ ಹೆಣ್ಣುಮಗಳು ಇಂಗ್ಲಿಷ್ ಕಡಲ್ಗಾಲುವೆ ಈಜಲು ಇಳಿದಾಗ ರೋಲೆಕ್ಸ್ ಕಂಪನಿಯ ಆಯಿಸ್ಟರ್ ವಾಚು ಜೊತೆಗಿತ್ತು. ಚಳಿಗೆ ಮೈ ಮರಗಟ್ಟಿ ಆಕೆಯನ್ನ ನಡುವೆಯೇ ದೋಣಿಗೆ ಎತ್ತಿಕೊಳ್ಳಬೇಕಾಯ್ತು, ವಾಚು ಮಾತ್ರ ಓಡುತ್ತಲೇ ಇತ್ತು. ಕಂಪನಿಯವರು ಅದನ್ನ ಪತ್ರಿಕೆಯಲ್ಲಿ ದೊಡ್ಡದಾಗಿ ಹಾಕಿಸಿದರು. ನನಗೆ ಇದರಲ್ಲಿ ಸ್ವಾರಸ್ಯ ಕಂಡದ್ದು ಬೇರೆ. ಆಕೆ ವಾಚನ್ನ ಕೈಗಲ್ಲ, ಕೊರಳಿಗೆ ಕಟ್ಟಿಕೊಂಡಿದ್ದರು.

1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್ ಬೆನ್ನಿಗೆ ಗಾಳಿ ಉರುಳೆ ಹೊತ್ತು ಮುಳುಗುವ ಉಪಕರಣ ಮಾಡಿದರು. ಉರುಳೆಯ ಗಾಳಿ ಎಷ್ಟು ಹೊತ್ತು ಬರುತ್ತೆ, ಆಳದಲ್ಲಿ ಎಷ್ಟು ನಿಮಿಷ ಇದ್ದೆ, ಮೇಲೆ ಬರುವಾಗ ಎಲ್ಲಿ ತಡೆದು ನಿಲ್ಲಬೇಕು, ಎಲ್ಲಾ ಲೆಕ್ಕಕ್ಕೂ ಗಡಿಯಾರವೇ ಗತಿ. ಲೆಕ್ಕ ತಪ್ಪಿ ಬೇಗ ಮೇಲೆ ಬಂದರೆ ರಕ್ತದಲ್ಲಿ ಗಾಳಿಗುಳ್ಳೆ ಎದ್ದು ಸಾವೂ ಬರಬಹುದು. 1953ರ ಸುಮಾರಿಗೆ ಬ್ಲಾಂಪ್ಯಾನಿನ ಫಿಫ್ಟಿ ಫ್ಯಾದಮ್ಸ್, ರೋಲೆಕ್ಸಿನ ಸಬ್‌ಮರೀನರ್ ಬಂದದ್ದು ಈ ಕಾರಣಕ್ಕೆ.

ವಾಚಿನೊಳಗೆ ನೀರು ಹೋಗದ ಹಾಗೆ ಮಾಡಿದರು. ಇನ್ನು ಅದು ಕೈಯಿಂದ ಹೋಗಬಾರದಲ್ಲ? ಚರ್ಮ ಉಪ್ಪುನೀರಲ್ಲಿ ನೆನೆದು ಕೊಳೆಯುತ್ತೆ. ಇನ್ನೊಂದು ತೊಡಕು ಕೇಳಿ. ಮುಳುಗುಗಾರರು ಚಳಿಗೆ ಹಾಕುವ ರಬ್ಬರು ಅಂಗಿಯ ತುಂಬ ಗಾಳಿಯ ಗುಳ್ಳೆ. 10 ಮೀಟರ್ ಇಳಿದರೆ ಒತ್ತಡ ಎರಡರಷ್ಟಾಗುತ್ತೆ, ಗುಳ್ಳೆ ಕುಗ್ಗಿ ಅಂಗಿ ತೆಳ್ಳಗಾಗುತ್ತೆ. ಮೇಲೆ ಬಿಗಿಯಾಗಿದ್ದ ಪಟ್ಟಿ ಕೆಳಗೆ ಸಡಿಲ. ಇದಕ್ಕೆ ಜಪಾನಿನ ಸೈಕೊ ಕಂಪನಿ 1975ರಲ್ಲಿ ತನ್ನ 600 ಮೀಟರಿನ ವಾಚಿಗೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಇರುವ ಪಟ್ಟಿ ಹಾಕಿತು. ಕೈ ಸಣ್ಣಗಾದಂತೆ ಅದೂ ಕುಗ್ಗುತ್ತೆ. ಫ್ರೆಂಚ್ ನೌಕಾಪಡೆಯ ಮುಳುಗುಗಾರರದು ಇನ್ನೂ ಸರಳ ಉಪಾಯ. ಪ್ಯಾರಾಶೂಟಿನ ಎಲಾಸ್ಟಿಕ್ ಪಟ್ಟಿ ಕತ್ತರಿಸಿ ತಾವೇ ವಾಚಿಗೆ ಹೊಲಿದುಕೊಂಡರು. ತಿರುಪ್ಪೂರಿನಲ್ಲಿ ಬನಿಯನ್ನು ಜಟ್ಟಿಗೆ ಎಲಾಸ್ಟಿಕ್ ನೇಯುವವರು ಇದನ್ನ ಕೇಳಿದರೆ ನಗಬಹುದು.

ಎಲ್ಲಕ್ಕಿಂತ ನಮ್ಮವರಿಗೆ ಹತ್ತಿರ ಅನಿಸೋದು ಬ್ರಿಟಿಷ್ ಸೇನೆಯ ಪಟ್ಟಿ. 1973ರಲ್ಲಿ ಅವರ ರಕ್ಷಣಾ ಇಲಾಖೆ ಇದಕ್ಕೊಂದು ನಿಯಮ ಬರೆಯಿತು. ಬೂದುಬಣ್ಣದ ನೈಲಾನು, ಅಗಲ 20 ಮಿಲಿಮೀಟರ್. ಉಗ್ರಾಣದಿಂದ ಇದನ್ನ ಪಡೆಯೋದಕ್ಕೆ ತುಂಬಬೇಕಾದ ಫಾರಂ ಜಿ1098, ಹಾಗಾಗಿ ಸಿಪಾಯಿಗಳ ಬಾಯಲ್ಲಿ ಜಿ10 ಆಯ್ತು. ಈಗ ಅಂಗಡಿಯಲ್ಲಿ ನ್ಯಾಟೋ ಪಟ್ಟಿ ಅಂತಾರೆ. ನೋಡಿದರೆ ಪೈಜಾಮದ ಲಾಡಿಯ ಅಣ್ಣತಮ್ಮ. ಕತ್ತರಿಸಿದ ಬಟ್ಟೆಯಲ್ಲ, ಎರಡು ಕಡೆಯೂ ಅಂಚು ಕಟ್ಟಿ ನೇಯ್ದ ಕಿರಿದಾದ ನೇಯ್ಗೆ. ಹೊಕ್ಕು ನೂಲು ಅಂಚಿನಲ್ಲಿ ಮರಳಿ ಬರೋದರಿಂದ ಎಳೆ ಬಿಡೋದಿಲ್ಲ. ಮಗ್ಗದವರಿಗೆ ಇದನ್ನ ವಿವರಿಸಬೇಕಿಲ್ಲ.

ಇದರ ಜಾಣತನ ನೂಲಿಗಿಂತ ಹೆಚ್ಚಾಗಿ ತೂರಿಸುವ ಬಗೆಯಲ್ಲಿದೆ. ಸಾಮಾನ್ಯ ಪಟ್ಟಿ ಎರಡು ತುಂಡು, ಒಂದೊಂದು ತುಂಡಿಗೆ ಒಂದೊಂದು ಪಿನ್ನು. ಒಂದು ಪಿನ್ನು ಹೋದರೆ ಕತೆ ಮುಗಿಯಿತು. ಜಿ10 ಒಂದೇ ಉದ್ದ. ಒಂದು ಪಿನ್ನಿನ ಕೆಳಗೆ ಇಳಿದು, ವಾಚಿನ ಬೆನ್ನ ಹಿಂದೆ ಹಾದು, ಇನ್ನೊಂದು ಪಿನ್ನಿನ ಮೇಲೆ ಬರುತ್ತೆ. ಒಂದು ಪಿನ್ನು ಹಾರಿದರೂ ವಾಚು ಇನ್ನೊಂದರಲ್ಲಿ ನೇತಾಡುತ್ತೆ, ಬೀಳೋದಿಲ್ಲ. ಬಕಲ್ಲಿನ ಹತ್ತಿರ ಒಂದು ಮೋಟು ಪಟ್ಟಿ, ಅದರ ತುದಿಯಲ್ಲಿ ಬಳೆ, ವಾಚು ಅತ್ತಿತ್ತ ಜಾರದಂತೆ ತಡೆಯೋದಕ್ಕೆ. ಬ್ರಿಟಿಷ್ ನೌಕಾಪಡೆಗೆಂದು ಮಾಡಿದ ಸಬ್‌ಮರೀನರ್ ವಾಚುಗಳಲ್ಲಿ ಪಿನ್ನಿನ ಬದಲು ಕಂಬಿಯನ್ನೇ ಬೆಸೆದುಬಿಟ್ಟಿದ್ದರು. ಹೊಸ ಪಿನ್ನನ್ನ ನಂಬದೆ ಮತ್ತೆ ಹಳೆಯ ತಂತಿ ಕಿವಿಗೇ ಹೋದರು ಅನ್ನಿ.

ಹತ್ತಿಯಲ್ಲಿ ಯಾಕೆ ನೇಯಲಿಲ್ಲ? ಹತ್ತಿ ನೂಲು ನೆನೆದರೆ ಬಲ ಹೆಚ್ಚುತ್ತೆ, ನೈಲಾನು ನೆನೆದರೆ ಕೊಂಚ ಕುಗ್ಗುತ್ತೆ. ಆ ಲೆಕ್ಕದಲ್ಲಿ ಹತ್ತಿಯೇ ಗೆಲ್ಲಬೇಕು. ಆದರೆ ಹತ್ತಿ ದಿನಾ ನೆನೆದು ಒಣಗುತ್ತಿದ್ದರೆ ಬೂಷ್ಟು ಹಿಡಿದು ಕೊಳೆಯುತ್ತೆ, ನೈಲಾನಿಗೆ ಆ ಭಯ ಇಲ್ಲ. ದೇವಲ ಮಹರ್ಷಿ ದೇವತೆಗಳಿಗೆ ಬಟ್ಟೆ ನೇಯ್ದದ್ದು ತಾವರೆಯ ನೂಲಿನಿಂದ ಅಂತ ನಮ್ಮ ಹಿರಿಯರು ಹೇಳ್ತಾರೆ. ಯಾವ ಕೆಲಸಕ್ಕೆ ಯಾವ ನೂಲು ಅಂತ ಆರಿಸೋದು ನಮ್ಮ ಕುಲದ ಮೊದಲ ಪಾಠ.

ಈಗ ಮುಳುಗುಗಾರರ ವಾಚಿಗೆ ಐಎಸ್‌ಒ 6425 ಅನ್ನುವ ಅಂತಾರಾಷ್ಟ್ರೀಯ ನಿಯಮ ಇದೆ. ನೀರಿನ ಪರೀಕ್ಷೆಯ ಜೊತೆಗೆ ಪಟ್ಟಿಗೂ ಪರೀಕ್ಷೆ. ಪಟ್ಟಿ ಕೂಡುವ ಜಾಗವನ್ನ 200 ನ್ಯೂಟನ್ ಬಲದಿಂದ, ಅಂದರೆ ಸುಮಾರು 20 ಕಿಲೋ ತೂಕ ನೇತುಹಾಕಿದ ಹಾಗೆ, ಎಳೆದು ನೋಡ್ತಾರೆ.

ಕಳೆದ ವರ್ಷ ಅಣ್ಣನ ಮಗ ಬೆಂಗಳೂರಿನಿಂದ ಫೋನು ಮಾಡಿ, "ಚಿಕ್ಕಪ್ಪಾ, ಮುರುಡೇಶ್ವರಕ್ಕೆ ಹೋಗ್ತಾ ಇದೀವಿ, ನೇತ್ರಾಣಿ ದ್ವೀಪದಲ್ಲಿ ಕಡಲಿಗೆ ಇಳೀತೀವಿ" ಅಂದ. "ವಾಚು ಕಟ್ಟಿಕೊಂಡು ಇಳೀತೀಯೇನಪ್ಪಾ?" ಅಂತ ಕೇಳಿದೆ. ಹೂಂ ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತೀನಿ.

ವಾಚಿನ ಎರಡು ಕೊಂಬಿನ ನಡುವಿನ ಅಗಲ ಸ್ಕೇಲಿನಲ್ಲಿ ಅಳೆ. 18, 20, 22, ಎಷ್ಟಿದೆಯೋ ಅಷ್ಟೇ ಅಗಲದ ಪಟ್ಟಿ ತಗೋ, ಕಡಿಮೆ ಆದರೆ ಜಾರಿ ಪಿನ್ನನ್ನ ತಿನ್ನುತ್ತೆ. ಪಿನ್ನು ಹೊಸದು ಹಾಕು, ಕೊಂಬಿನ ತೂತಿಗೆ ಒಪ್ಪುವಷ್ಟರಲ್ಲಿ ದಪ್ಪದ್ದೇ ಇರಲಿ. ಕೂರಿಸಿದ ಮೇಲೆ ಎರಡು ಕಡೆ ಟಕ್ ಅನ್ನಬೇಕು, ಆಮೇಲೆ ಜೋರಾಗಿ ಎಳೆದು ನೋಡು. ಮೇಲೆ ಬಿಗಿ, ಕೆಳಗೆ ಸಡಿಲ ಅನ್ನೋದು ನೆನಪಿರಲಿ, ನೀರಲ್ಲಿ ಒಂದು ತೂತು ಬಿಗಿ ಮಾಡಿಕೊಳ್ಳೋ ಹಾಗಿರಬೇಕು. ಉಳಿದ ತುದಿಯನ್ನ ಮಡಚಿ ಬಳೆಯೊಳಗೆ ತೂರಿಸು. ಮೇಲೆ ಬಂದ ಕೂಡಲೇ ಸಿಹಿನೀರಲ್ಲಿ ತೊಳೆ, ಉಪ್ಪು ಕೂತರೆ ಸ್ಪ್ರಿಂಗು ತುಕ್ಕು ಹಿಡಿಯುತ್ತೆ.

"ಇಷ್ಟೆಲ್ಲಾ ನಿಮಗೆ ಹೇಗೆ ಗೊತ್ತು?" ಅಂದ. ಬಾವಿಯ ಕತೆ ಹೇಳಿದೆ. ಅದರ ಕೊನೆಯನ್ನ ನಿಮಗಿನ್ನೂ ಹೇಳಿಲ್ಲ.

ಎಷ್ಟೋ ವರ್ಷದ ಮೇಲೆ ಮಳೆ ಇಲ್ಲದೆ ಆ ಬಾವಿ ಬತ್ತಿತು. ಹೂಳು ಎತ್ತಿಸುವಾಗ ಬುಟ್ಟಿಯಲ್ಲಿ ವಾಚು ಬಂತು. ಗಾಜಿನೊಳಗೆ ಕೆಸರು, ಮುಳ್ಳು ಯಾವತ್ತೋ ನಿಂತಿತ್ತು. ಒಂದು ಕಡೆಯ ಪಿನ್ನು ಜಾಗದಲ್ಲೇ ಇತ್ತು, ಪಟ್ಟಿಯ ಒಂದು ಚೂರು ಅದಕ್ಕೆ ಅಂಟಿಕೊಂಡಿತ್ತು. ಇನ್ನೊಂದು ಕಡೆ ತೂತು ಮಾತ್ರ. ಬಸ್‌ಸ್ಟ್ಯಾಂಡಿನಲ್ಲಿ ಕೆಲವೇ ರೂಪಾಯಿಗೆ ಹಾಕಿಸಿದ ಪಟ್ಟಿ ಅದು. ಅಪ್ಪ ಅದನ್ನ ನೀರಲ್ಲಿ ತೊಳೆದು ಅವ್ವನ ಕೈಗೆ ಕೊಟ್ಟರು. ಅವ್ವ ಸೆರಗಲ್ಲಿ ಒರೆಸಿ, "ನೀವು ಮೇಲೆ ಬಂದಿರಲ್ಲ, ಸಾಕು" ಅಂದರು. ಅವತ್ತಿನ ರಾತ್ರಿ ಆಡದೆ ಬಿಟ್ಟ ಮಾತು ಅದೇ ಇರಬೇಕು.

ಆ ವಾಚು ಈಗ ನಮ್ಮ ಮನೆಯ ದೇವರ ಗೂಡಿನಲ್ಲಿ ಚೌಡೇಶ್ವರಿ ಪಟದ ಕೆಳಗಿದೆ. ಓಡೋದಿಲ್ಲ. ಎರಡೂ ಪಿನ್ನು ಹೊಸದು ಹಾಕಿಸಿ, ನೈಲಾನು ಪಟ್ಟಿಯೊಂದನ್ನ ಎರಡರಲ್ಲೂ ತೂರಿಸಿ ಇಟ್ಟಿದೀನಿ.