ಹಳೇ ಈಳಗಿ ತೂಕಕ್ಕ ಹಾಕಬ್ಯಾಡ್ರಿ

ಹೊಸಾ ಮನಿ ಹೂಡೋ ಹುಡಿಗ್ಯಾರು ನನ್ನ ಕೇಳ್ತಿರ್ತಾರ, "ಕಾಕೂ, ಚಾಕು ಯಾವ ಕಂಪನೀದು ಚಲೋ ಇರತೈತಿ?" ಅಂತ. ಕಂಪನಿ ಹೆಸರು ಆಮ್ಯಾಲ ನೋಡೂಣು, ಮೊದಲ ನಿಮ್ಮ ಅತ್ತಿ ಮನಿ ಅಟ್ಟ ಹುಡಕ್ರಿ ಅಂತೀನಿ. ಅಲ್ಲಿಲ್ಲಂದ್ರ ತವರಮನಿ ಹಿತ್ತಲ ನೋಡ್ರಿ. ಎಲ್ಲೂ ಸಿಗದಿದ್ರ ಸಂತ್ಯಾಗ ಹಳೇ ಸಾಮಾನು ಹರವಿಕೊಂಡು ಕೂಡ್ತಾರಲ್ಲ, ಅವರ ಹತ್ರ ಹೋಗ್ರಿ. ತುಕ್ಕ ಹಿಡದ ಈಳಗಿ, ಹಿಡಿಕಿ ಮುರದ ಚಾಕು ನೋಡಿ ಮೂಗು ಮುರೀಬ್ಯಾಡ್ರಿ. ನಮ್ಮ ಕಡೆ ಹಳ್ಳಿ ಮನಿಗಳಿಗೆ ಕಬ್ಬಿಣ ಬಂದಿದ್ದಽ ಹಂಗ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ. ಅದರ ಇತಿಹಾಸ ಗೊತ್ತಾದ್ರ ಮೋಡಕಾದವನ ತಕ್ಕಡ್ಯಾಗ ಹಾಕಲಿಕ್ಕೆ ಯಾರಿಗೂ ಮನಸ್ಸು ಬರೂದಿಲ್ಲ.

ಎಷ್ಟು ಹಿಂದಿನ ಮಾತು ಅಂತ ಕೇಳಿದ್ರ ದೂರ ಹೋಗೋದು ಬ್ಯಾಡ. 1997ರಾಗ ಗದಗ, ಹಾವೇರಿ ಬ್ಯಾರೆ ಜಿಲ್ಲಾ ಆಗೋತನಕ ಅವೆಲ್ಲಾ ನಮ್ಮ ಧಾರವಾಡ ಜಿಲ್ಲಾದಾಗಽ ಇದ್ವು. ಹಿರೇಕೆರೂರ ಕಡೆ ತುಂಗಭದ್ರಾ ದಂಡಿ ಮ್ಯಾಲ ಹಳ್ಳೂರು ಅಂತ ಐತಿ. 1965ರಾಗ ಎಂ. ಎಸ್. ನಾಗರಾಜರಾವ್ ಅನ್ನೋ ಪುರಾತತ್ವ ವಿದ್ವಾಂಸರು ಅಲ್ಲಿ ದಿಬ್ಬ ಅಗಿಸಿದಾಗ ಕಬ್ಬಿಣದ ಬಾಣದ ತುದಿಗಳು ಸಿಕ್ಕವು. ಇದ್ದಲಿ ಪರೀಕ್ಷಾ ಮಾಡಿದ್ರ ಕ್ರಿ.ಪೂ. 1000ದ ಸುಮಾರಿನವು ಅಂತ ಬಂತು. ಮೂರು ಸಾವಿರ ವರ್ಷ ಆತು. ಭಾರತದಾಗ ಕಬ್ಬಿಣ ಬಳಸಿದ ಹಳೇ ಜಾಗಾದಾಗ ಅದನ್ನೂ ಎಣಸ್ತಾರ.

ಬರೇ ಕಬ್ಬಿಣ ಅಲ್ಲ, ಉಕ್ಕಿನ ಮಾತೂ ನಮ್ಮದಽ. 1800–01ರಾಗ ಬುಕಾನನ್ ಅನ್ನೋ ಸ್ಕಾಟ್ಲಂಡಿನ ಡಾಕ್ಟರು ಮೈಸೂರು ಸೀಮಿ ಎಲ್ಲಾ ತಿರುಗಿ, ಕಂಡದ್ದನ್ನ ಬರಕೊಂಡ್ರು. ಮಣ್ಣಿನ ಮೂಸಿ ಒಳಗ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಒಂದು ಜಾತಿ ಬಳ್ಳಿಯ ಎರಡು ಹಸಿ ಎಲಿ ಹಾಕಿ, ಬಾಯಿಗೆ ಮಣ್ಣು ಮೆತ್ತಿ ಬೆಂಕ್ಯಾಗ ಇಡ್ತಿದ್ರಂತ. ಕಡ್ಡಿ, ಎಲಿ ಸುಟ್ಟು ಇದ್ದಲಿ ಆಗಿ ಕಬ್ಬಿಣದೊಳಗ ಸೇರಿದ್ರ ಅದು ಉಕ್ಕು. ತಂಗಡಿ ಅಂದ್ರ ಹಳದಿ ಹೂವಿನ ಅದಽ ಗಿಡ, ದಾರಿ ಬಾಜೂಕ ಬೆಳೀತೈತಿ.

ಇಂಥಾ ಉಕ್ಕಿನ ಬಿಲ್ಲಿಗಳನ್ನ ಮುಂಬಯಿಯಿಂದ ಲಂಡನ್ನಿಗೆ ಕಳಿಸಿದ್ರು. 1795ರಾಗ ಜಾರ್ಜ್ ಪಿಯರ್ಸನ್ ಅನ್ನೋರು ಅದನ್ನ ಪರೀಕ್ಷಾ ಮಾಡಿ ರಾಯಲ್ ಸೊಸೈಟಿಗೆ ಲೇಖನ ಕೊಟ್ರು. ಅವರು ಅದಕ್ಕ ಕರದ ಹೆಸರು "ವೂಟ್ಜ್". ಈ ಶಬ್ದ ನಮ್ಮ "ಉಕ್ಕು" ಅನ್ನೋದರಿಂದಽ ಆಗೈತಿ ಅಂತ ಭಾಳ ಮಂದಿ ವಿದ್ವಾಂಸರು ಹೇಳ್ತಾರ. ಜೇಮ್ಸ್ ಸ್ಟೊಡಾರ್ಟ್ ಅನ್ನೋ ಲಂಡನ್ನಿನ ಚಾಕು ಮಾಡಾಂವ ಆ ಉಕ್ಕಿನಿಂದ ಒಂದು ಸಣ್ಣ ಚಾಕು ಮಾಡಿ ನೋಡಿ ಭೇಷ್ ಅಂದ. ಮುಂದ 1819ರಿಂದ ಕೆಲವು ವರ್ಷ ಅವನ ಜೋಡಿ ಮೈಕೆಲ್ ಫ್ಯಾರಡೆ ಇದರ ಗುಟ್ಟು ಹುಡುಕಲಿಕ್ಕೆ ಕೆಲಸಾ ಮಾಡಿದ್ರು. ಕರೆಂಟಿನ ಪಾಠದಾಗ ನಮ್ಮ ಮಕ್ಕಳು ಓದತಾವಲ್ಲ, ಆ ಫ್ಯಾರಡೇನಽ. ಅವರಪ್ಪ ಕಮ್ಮಾರ.

ಹಂಗಂತ ಆ ಉಕ್ಕು ನಮ್ಮ ಅಜ್ಜಿಯರ ಅಡಗಿ ಮನ್ಯಾಗ ಇತ್ತು ಅಂತ ನಾ ಹೇಳೂದಿಲ್ಲ. ಅದು ಕತ್ತಿಗೆ, ಕಲ್ಲು ಕಡಿಯೋ ಉಳಿಗೆ ಹೋಗ್ತಿತ್ತು. ಉಕ್ಕು ತುಟ್ಟಿ. ಹಿಂಗಾಗಿ ಹಳ್ಳಿ ಕಮ್ಮಾರರು ಮೈಯೆಲ್ಲಾ ಮೆತ್ತನ ಕಬ್ಬಿಣ ಮಾಡಿ, ಬಾಯಿಗೆ ಮಾತ್ರ ಉಕ್ಕಿನ ಪಟ್ಟಿ ಇಟ್ಟು ಬೆಸೀತಿದ್ರು. "ಕೊಡ್ಲಿಗೆ ಉಕ್ಕ ಹಾಕ್ಸು" ಅಂತ ಹಿರಿಯರು ಅನ್ನೋದು ಕೇಳೀರಲ್ಲ, ಅದು ಇದಽ.

ಕಮ್ಮಾರ ಊರಿನ ಆಯಗಾರರಾಗ ಒಬ್ಬ. ವರ್ಷಪೂರ್ತಿ ಊರಿನ ಒಕ್ಕಲುತನದ ಕಬ್ಬಿಣ ನೋಡಿಕೋಬೇಕು, ಸುಗ್ಗ್ಯಾಗ ಕಣಕ್ಕ ಬಂದು ಜೋಳದ ಆಯ ಒಯ್ಯಬೇಕು. ರೊಕ್ಕದ ವ್ಯವಹಾರ ಕಡಿಮಿ. ನವಲಗುಂದ, ಅಣ್ಣಿಗೇರಿ ಎರಿ ಹೊಲದಾಗ ಕುಂಟಿ ಹೊಡದು ಹೊಡದು ಕುಡ ಸವೀತಿತ್ತು. ಸವದ ಕುಡ ಒಗೀತಿರಲಿಲ್ಲ. ಕುಲುಮ್ಯಾಗ ಕಾಸಿ ಬಡದ್ರ ಅದು ಕುಡಗೋಲು ಆಗ್ತಿತ್ತು. ಕುಡಗೋಲು ಸವದ್ರ ಕುರಪಿ, ಕುರಪೀನೂ ಸವದ್ರ ಹೆಣ್ಣಮಕ್ಕಳಿಗೆ ಒಂದು ಸಣ್ಣ ಚಾಕು. ಗಂಡಸರ ಹೊಲದಾಗ ದುಡದ ಕಬ್ಬಿಣ ಕಡೀಕೆ ನಮ್ಮ ಒಲಿ ಮುಂದ ಬರ್ತಿತ್ತು. ಮರ ಇದ್ದ ಕಲಘಟಗಿ ಕಡೆ ಈಳಗಿ ಮಣಿಗೆ ಕಟಗಿ ಚಲೋ ಸಿಗ್ತಿತ್ತು. ಬಣ್ಣದ ತೊಟ್ಟಿಲಕ್ಕ ಹೆಸರಾದ ಊರಲ್ಲೇನು ಅದು!

1880ರ ದಶಕದಾಗ ಹುಬ್ಬಳ್ಳಿಗೆ ರೇಲ್ವೆ ಬಂತು, ಅದರ ಬೆನ್ನಿಗೆ ದೊಡ್ಡ ವರ್ಕಶಾಪೂ ಆತು. ವಿಲಾಯತಿ ಕಬ್ಬಿಣದ ಪಟ್ಟಿ ಸೋವಿ ಆದ್ವು. ಇತ್ತ 1878ರ ಅರಣ್ಯ ಕಾಯ್ದೆ ಆದ ಮ್ಯಾಲ ಇದ್ದಲಿಗೆ ಕಟಗಿ ಕಡಿಯೋದು ಕಷ್ಟ ಆತು. ಹಿಂಗ ಈ ದೇಶದಾಗ ಅದಿರು ಕರಗಸಿ ಕಬ್ಬಿಣ ತಗಿಯೋರ ಒಲಿ ಒಂದೊಂದಽ ಆರಿದ್ವು. ಆದ್ರ ಊರ ಕುಲುಮಿ ಆರಲಿಲ್ಲ. ಅದಕ್ಕ ಬ್ಯಾರೆ ಹಳೇ ಕಬ್ಬಿಣ ಸಿಕ್ತು: ಸವದ ಕಾನಸು, ಮುಂದ ಲಾರಿ ಬಂದ ಮ್ಯಾಲ ಅದರ ಕಮಾನ ಪಟ್ಟಿ. ಇವೆರಡೂ ಚಲೋ ಉಕ್ಕು. ಇವತ್ತಿಗೂ ಹಳ್ಳಿ ಕಮ್ಮಾರರು ಕಮಾನ ಪಟ್ಟಿಯಿಂದಽ ಕೊಡ್ಲಿ, ಕುಡಗೋಲು, ಈಳಗಿ ಮಾಡ್ತಾರ.

ನಮ್ಮನಿ ಈಳಗಿ ನಮ್ಮತ್ತಿಯವರಿಗೆ ಬಂದದ್ದು 1972ರ ಬರದಾಗ. ಆ ವರ್ಷ ಮಂದಿ ತಾಮ್ರ, ಹಿತ್ತಾಳಿ ಭಾಂಡೆ ಮಾರಿ ಕಾಳು ತಂದ್ರು. ಭಾಂಡೆ ಮುಗದ ಮ್ಯಾಲ ಕಬ್ಬಿಣ. ಪರಊರಿನ ಒಬ್ಬಾಕಿ ಕಂಕುಳಾಗ ಕೂಸು, ತಲಿ ಮ್ಯಾಲ ಗಂಟು ಹೊತಗೊಂಡು ಬಂದು ಈಳಗಿ ತಗೋತೀರೇನವ್ವಾ ಅಂತ ಕೇಳಿದಳಂತ. ಅತ್ತಿಯವರು ತೂಕ ಮಾಡಿಸಲಿಲ್ಲ. ಮನ್ಯಾಗ ತಮಗಽ ಅಷ್ಟಕ್ಕಷ್ಟ ಇತ್ತು, ಆದ್ರೂ ಎರಡು ಸೇರು ಜೋಳ ಅಳದು ಉಡಿಯೊಳಗ ಹಾಕಿದ್ರು. ಆಕಿ ಹೋಗೋವಾಗ ಅಂದದ್ದು ಒಂದಽ ಮಾತು: "ಅವ್ವಾ, ಇದು ಚಲೋ ನೀರ ಕುಡದೈತಿ, ಹಸಿ ಇಡಬ್ಯಾಡ." ಆಕಿ ಹೆಸರು ಏನು, ಮುಂದ ಏನಾದ್ಲು, ನಮ್ಮತ್ತಿಯವರಿಗೂ ಗೊತ್ತಾಗಲಿಲ್ಲ. ಆದ್ರ ಆ ಮಾತು ನಮ್ಮನ್ಯಾಗ ನಿಂತೈತಿ. ಅತ್ತಿಯವರು ನನಗ ಹೇಳಿದ್ರು, ನಾ ಸೊಸಿಗೆ ಹೇಳೀನಿ.

ನೀರ ಕುಡಸೋದು ಅಂದ್ರ ಹದ ಹಾಕೋದು. ಕಮ್ಮಾರ ಬಾಯಿ ಕೆಂಪಗ ಕಾಸಿ ನೀರಾಗ ಅದ್ದತಾನ. ಆಗ ಗಟ್ಟಿ ಆಗತೈತಿ, ಆದ್ರ ಬಳಿ ಹಂಗ ಚಟಕ್ಕನ ಮುರೀತೈತಿ. ಅದಕ್ಕ ಮತ್ತ ಸಣ್ಣಗ ಕಾಸಿ, ಒಣಗಿದ ಕಣಿಕಿ ಬಣ್ಣ ಬಂದ ಕೂಡಲೇ ನಿಲ್ಲಸ್ತಾನ. ನೀಲಿ ಬಣ್ಣ ಬಂದ್ರ ಮೆತ್ತಗಾತು ಅಂತ ಲೆಕ್ಕ. ಸಕ್ಕರಿ ಪಾಕ ನಮಗ ಹೆಂಗೋ ಹಂಗ ಅವರಿಗೆ ಅದು, ಕಣ್ಣಿನ ಅಳತಿ.

ಇನ್ನ ಸ್ಟೀಲಿನ ಮಾತು. ತುಕ್ಕ ಹಿಡಿಯದ ಉಕ್ಕನ್ನ 1913ರಾಗ ಇಂಗ್ಲೆಂಡಿನ ಶೆಫೀಲ್ಡ್ ಊರಾಗ ಹ್ಯಾರಿ ಬ್ರೇರ್ಲಿ ಅನ್ನೋರು ಮಾಡಿದ್ರು, ಕ್ರೋಮಿಯಂ ಬೆರಸಿ. ನಮ್ಮ ದೇಶದಾಗ 1980ರ ದಶಕದ ಸುರುವಿಗೆ ಸೇಲಂ ಕಾರ್ಖಾನಿ ಚಾಲೂ ಆತು. ಹಳ್ಳ್ಯಾಗೂ ಹಳೇ ಸೀರಿ, ಅರಬಿ ಕೊಟ್ಟು ಸ್ಟೀಲ್ ಭಾಂಡೆ ತಗೊಳ್ಳೋ ಕಾಲ ಬಂತು. ಸ್ಟೀಲ್ ಕೆಟ್ಟದಂತ ಅಲ್ಲ. ನಿಂಬಿಹಣ್ಣು, ಮಾವಿನಕಾಯಿ ಹುಳಿಗೆ ಅದಽ ಚಲೋ. ಆದ್ರ ಸೋವಿ ಸಿಗೋ ತೆಳ್ಳನ್ನ ಚಾಕುಗಳ ಹರಿತ ಭಾಳ ದಿನಾ ನಿಲ್ಲೂದಿಲ್ಲ, ಮೊಂಡ ಆಗಿ ಒಗೀತೀವಿ. ಕರೇ ಈಳಗಿಗೆ ಮಾತ್ರ ಹತ್ತು ಸಲ ಮೊಂಡ ಆದ್ರೂ ಹತ್ತು ಸಲ ಬಾಯಿ ಬರತೈತಿ.

ಹಳೇದು ತಗೊಳ್ಳೋವಾಗ ನೋಡಬೇಕಾದ್ದು ಇಷ್ಟು. ಉಗುರಿನಿಂದ ಹೊಡದ್ರ ಠಣ್ ಅನಬೇಕು. ಬದ್ ಅಂತ ಸದ್ದು ಬಂದ್ರ ಎಲ್ಲೋ ಸೀಳು ಇರಬಹುದು, ಬೆಳಕಿಗೆ ಹಿಡದು ನೋಡ್ರಿ. ಮ್ಯಾಲಿನ ಕೆಂಪು ತುಕ್ಕಿಗೆ ಅಂಜಬ್ಯಾಡ್ರಿ, ಉಜ್ಜಿದ್ರ ಹೋಗತೈತಿ. ಬಾಯಿ ಉದ್ದಕ್ಕ ತುಕ್ಕು ತಿಂದು ತಗ್ಗು ಬಿದ್ದಿದ್ರ ಬ್ಯಾಡ. ಬಾಯಿ ಹತ್ರ ನೀಲಿ ಬಣ್ಣದ ಕಲಿ ಇದ್ರ ಯಾರೋ ಮಶೀನಿಗೆ ಜೋರ ಹಿಡದು ಹದ ಸುಟ್ಟಾರ ಅಂತ ತಿಳಕೊಳ್ರಿ. ಸಾಧ್ಯ ಆದ್ರ ಒಂದು ಕಾನಸು ಒಯ್ದು ಬಾಯಿ ಮೂಲಿಗೆ ಸ್ವಲ್ಪ ಎಳೀರಿ. ಜಾರಿದ್ರ ಗಟ್ಟಿ ಉಕ್ಕು, ಸರಕ್ಕನ ಕಚ್ಚಿ ಪುಡಿ ಬಿದ್ರ ಮೆತ್ತನ ಕಬ್ಬಿಣ. ಮಣಿ ಗೆದ್ದಲ ತಿಂದಿದ್ರ ಚಿಂತಿ ಇಲ್ಲ, ಬಡಿಗ್ಯಾರು ಹೊಸಾದು ಹಾಕಿ ಕೊಡ್ತಾರ.

ಮನಿಗೆ ತಂದ ಮ್ಯಾಲ ಹುಣಸಿಹಣ್ಣು, ಬೂದಿ ಕೂಡಿಸಿ ಬೆನ್ನ ಕಡೆಯಿಂದ ಬಾಯಿ ಕಡೆಗೆ ಉಜ್ಜರಿ, ಅಡ್ಡಡ್ಡ ಉಜ್ಜಿದ್ರ ಕೈ ಕೊಯ್ಯತೈತಿ. ಹುಳಿ ಭಾಳೊತ್ತು ಬಿಡಬಾರದು. ತೊಳದು, ಒರಸಿ, ಬಿಸಲಿಗೆ ಹಿಡದು ಎಣ್ಣಿ ಕೈ ಸವರ್ರಿ. ಕುಸುಬಿ ಎಣ್ಣಿ ಆದ್ರ ಭಾಳ ಚಲೋ, ತೆಳ್ಳಗ ಸವರಿ ಬಿಟ್ರ ಒಣಗಿ ಪದರಿನಂಗ ಕೂಡತೈತಿ. ಸಾಣಿ ಹಿಡಿಯಾಂವ ಬರೋತನಕ ಚೀನಿ ಭರಣಿ ತಳದಾಗ ಹೊಳಪಿಲ್ಲದ ಖರಬರ ಅಂಚು ಇರತೈತಲ್ಲ, ಅದಕ್ಕ ಚಾಕು ಸ್ವಲ್ಪ ವಾರೆ ಹಿಡದು ಎರಡೂ ಕಡೆ ಎಳೀರಿ, ಸಾಕು. ಬದನಿಕಾಯಿ, ಬಾಳಿಕಾಯಿ ಹೆಚ್ಚಿದ್ರ ಕಪ್ಪಾಗತಾವ ಅಂತ ಹೆದರಬ್ಯಾಡ್ರಿ, ಕಾಯಿಯೊಳಗಿನ ಒಗರು ಕಬ್ಬಿಣಕ್ಕ ತಾಗಿದ್ರ ಹಂಗಽ. ನೀರಾಗ ಹೆಚ್ಚಿ ಹಾಕ್ರಿ.

ಹಿರೇರು ಹೇಳಿದ ಕಟ್ಟಳಿಗಳೂ ಬರೇ ಮಾತಲ್ಲ. ಈಳಗಿ ದಾಟಬಾರದು, ಹೆಚ್ಚಿದ ಮ್ಯಾಲ ಎತ್ತಿ ನಿಲ್ಲಸಿ ಬಿಡಬಾರದು, ಚಾಕು ಕೈಯಾಗ ಕೊಡದ ನೆಲಕ್ಕಿಟ್ಟು ಕೊಡಬೇಕು. ಕೂಸು ಅಂಬೆಗಾಲಿಡೋ ಮನ್ಯಾಗ ಇದಕ್ಕಿಂತ ಚಲೋ ಕಾಯ್ದೆ ಯಾವುದೈತಿ?

ಈಗ ಸಂಕಟ ಏನಂದ್ರ, ಈಳಗಿ ಅಟ್ಟದಾಗ ಅದಾವ, ಬಾಯಿ ಬಡದು ಕೊಡೋ ಕಮ್ಮಾರರ ಮನಿ ಕಡಿಮಿ ಆಗ್ಯಾವ. ಟ್ರ್ಯಾಕ್ಟರ್ ಬಂದು ಕುಂಟಿ ಮೂಲಿಗೆ ಬಿತ್ತು, ಆಯ ನಿಂತ್ತು, ಅವರ ಮಕ್ಕಳು ವೆಲ್ಡಿಂಗ್ ಅಂಗಡಿಗೆ ಹೋದ್ರು. ವೆಲ್ಡಿಂಗ್ ಮಾಡೋ ಹುಡುಗಗ ಗೇಟ್ ಮಾಡ್ಲಿಕ್ಕೆ ಬರತೈತಿ, ಕಣಿಕಿ ಬಣ್ಣ ನೋಡಿ ಹದ ಹಾಕ್ಲಿಕ್ಕೆ ಅವರಪ್ಪಗಷ್ಟಽ ಬರತೈತಿ. ನಾವು ಕೆಲಸಾ ಒಯ್ದು ಕೊಡದಿದ್ರ ಅಂವರೇ ಮಗಗ ಯಾಕ ಕಲಸ್ತಾನ?

ಖಂಡೇನವಮಿಗೆ ಈಳಗಿ, ಕುಡಗೋಲು, ಕುರಪಿ ಎಲ್ಲಾ ತೊಳದು ವಿಭೂತಿ, ಕುಂಕುಮ ಹಚ್ಚಿ ಪೂಜಾ ಮಾಡ್ತೀವಿ, ಅವತ್ತು ಅವಕ್ಕ ಕೆಲಸಾ ಹಚ್ಚೂದಿಲ್ಲ. ಈ ಸಲ ಹಬ್ಬದ ಹದಿನೈದು ದಿನಾ ಮೊದಲಽ ಅಟ್ಟದ್ದು ಇಳಸ್ರಿ. ನಿಮ್ಮೂರಾಗ ಕುಲುಮಿ ಇದ್ರ ಒಯ್ದು ಬಾಯಿ ಬಡಿಸಿಕೊಂಡು, ಕೇಳಿದಷ್ಟು ರೊಕ್ಕ ಕೊಟ್ಟು ಬರ್ರಿ. ನಿಮಗ ಎರಡಿದ್ರ ಒಂದನ್ನ ಓಣ್ಯಾಗಿನ ಹೊಸಾ ಸೊಸಿಗೆ ಕೊಡ್ರಿ. ಯಾವ ಊರಿಂದ ಬಂತು, ಯಾರು ಬಳಸ್ತಿದ್ರು ಅಂತ ಗೊತ್ತಿದ್ದಷ್ಟು ಹೇಳಿ ಕೊಡ್ರಿ, ಹಸಿ ಇಡಬ್ಯಾಡ ಅನ್ನೋದನ್ನೂ ಮರೀಬ್ಯಾಡ್ರಿ.