ರೋಸೆಲ್‌ನ ಮನೆಯಲ್ಲಿ ಕಲ್ಯಾಣದ ಹುಡುಗಿ

ಠಾಕುರ್ಲಿಯಿಂದ ಕಲ್ಯಾಣಕ್ಕೆ ಒಂದೇ ಸ್ಟೇಷನ್. ಸ್ಲೋ ಲೋಕಲ್ ಹತ್ತಿ ನಿಲ್ಲಲು ಜಾಗ ಮಾಡಿಕೊಳ್ಳುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಮುಂಬಯಿಯ ರೈಲು ಕಲ್ಯಾಣ ಮುಟ್ಟಿದ್ದು 1854ರಲ್ಲಿ. ಅದಾದ ಹನ್ನೊಂದು ವರ್ಷಕ್ಕೆ, 1865ರ ಮಾರ್ಚ್ 31ರಂದು, ಕಲ್ಯಾಣದ ಒಂದು ಬ್ರಾಹ್ಮಣ ಮನೆತನದಲ್ಲಿ ಯಮುನಾ ಎಂಬ ಹುಡುಗಿ ಹುಟ್ಟಿದಳು. ಮದುವೆಯಾದ ಮೇಲೆ ಅವಳ ಹೆಸರು ಆನಂದಿಬಾಯಿ ಜೋಶಿ ಎಂದಾಯಿತು. ಪಾಶ್ಚಾತ್ಯ ವೈದ್ಯ ಪದವಿ ಪಡೆದ ಭಾರತದ ಮೊದಲ ಹೆಣ್ಣುಮಕ್ಕಳ ಸಾಲಿನಲ್ಲಿ ಅವಳ ಹೆಸರನ್ನು ಎಲ್ಲರೂ ಓದಿರುತ್ತೇವೆ. ಆ ಪದವಿಗೂ ಮೊದಲಿನ ನಾಲ್ಕು ತಿಂಗಳ ಕಥೆ ಮಾತ್ರ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಹದಿನೆಂಟು ವರ್ಷದ ಹುಡುಗಿ ಎಂದೂ ಕಂಡಿರದ ಸಂಸಾರವೊಂದರ ಮನೆಗೆ ಹೋಗಿ, ಅಲ್ಲಿ ಉಂಡು ಮಲಗಿ ಬದುಕಿದ ನಾಲ್ಕು ತಿಂಗಳು ಅವು.

ಯಮುನಾಳಿಗೆ ಮದುವೆಯಾದಾಗ ಒಂಬತ್ತು ವರ್ಷ. ಗಂಡ ಗೋಪಾಲರಾವ್ ಅಂಚೆ ಇಲಾಖೆಯ ಗುಮಾಸ್ತರು, ವಯಸ್ಸಿನಲ್ಲಿ ಅವಳಿಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವರು. ಹೆಂಡತಿ ಓದಲೇಬೇಕು ಎಂಬುದು ಅವರ ಹಟ. ಅಡುಗೆಮನೆಯಲ್ಲಿ ಕಂಡರೆ ಬೈಯುವ, ಹೊಡೆಯುವ ಹಟ ಅದು. ಹದಿನಾಲ್ಕನೆಯ ವರ್ಷದಲ್ಲಿ ಆನಂದಿಗೆ ಗಂಡುಮಗು ಹುಟ್ಟಿ ಹತ್ತೇ ದಿನ ಬದುಕಿತು. ಹೆಣ್ಣಿಗೆ ಹೆಣ್ಣೇ ವೈದ್ಯಳಾಗಿ ಸಿಕ್ಕಿದ್ದರೆ ಎಂಬ ಯೋಚನೆ ಅಲ್ಲಿಂದ ಅವಳನ್ನು ಬಿಡಲಿಲ್ಲ.

ಗೋಪಾಲರಾವ್ ಅಮೆರಿಕದ ಮಿಷನರಿ ರಾಯಲ್ ವೈಲ್ಡರ್ ಅವರಿಗೆ ಪತ್ರ ಬರೆದು, ಹೆಂಡತಿಯ ಓದಿಗೆ ಸಹಾಯ ಕೇಳಿದರು. ಕ್ರೈಸ್ತರಾದರೆ ನೆರವಾಗಬಹುದು ಎಂಬ ಉತ್ತರ ಬಂತು. ದಂಪತಿಗಳು ಒಪ್ಪಲಿಲ್ಲ. ವೈಲ್ಡರ್ ಆ ಪತ್ರವ್ಯವಹಾರವನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಅದು 1880ರಲ್ಲಿ ನ್ಯೂಜೆರ್ಸಿಯ ರೋಸೆಲ್ ಎಂಬ ಸಣ್ಣ ಊರಿನ ಥಿಯೊಡಿಸಿಯಾ ಕಾರ್ಪೆಂಟರ್ ಎಂಬ ಗೃಹಿಣಿಯ ಕಣ್ಣಿಗೆ ಬಿತ್ತು. ಹಲ್ಲಿನ ಡಾಕ್ಟರ ಹತ್ತಿರ ಹೋಗಿ ತಮ್ಮ ಸರದಿಗೆ ಕಾಯುತ್ತಿದ್ದಾಗ ಕೈಗೆ ಸಿಕ್ಕ ಪತ್ರಿಕೆ ಅದು. ಮನೆಗೆ ಬಂದು ಆ ಹುಡುಗಿಗೆ ಒಂದು ಪತ್ರ ಬರೆದರು.

ಅಲ್ಲಿಂದ ಮೂರು ವರ್ಷ ಪತ್ರಗಳು ಸಮುದ್ರ ದಾಟಿದವು. ಬಾಲ್ಯವಿವಾಹ, ಮನೆಯ ಆಚಾರ, ಹಬ್ಬ, ದೇವರು, ಎಲ್ಲವೂ ಅದರಲ್ಲಿ ಬಂದುಹೋದವು. ಆನಂದಿ ಆಕೆಯನ್ನು ಚಿಕ್ಕಮ್ಮನೆಂದೇ ಕರೆಯತೊಡಗಿದಳು. ಗೋಪಾಲರಾಯರಿಗೆ ಕಲ್ಕತ್ತೆಯ ಕಡೆಗೆ ವರ್ಗವಾಗಿದ್ದಾಗ ಆನಂದಿಗೆ ನಿತ್ರಾಣ, ತಲೆನೋವು, ಆಗಾಗ ಜ್ವರ. ಚಿಕ್ಕಮ್ಮ ಅಮೆರಿಕದಿಂದ ಔಷಧಿ ಕಳಿಸಿಕೊಟ್ಟರು. ಜೊತೆಗೆ ಒಂದು ಮಾತನ್ನೂ ಕೊಟ್ಟರು: ಬರುವುದಾದರೆ ನಮ್ಮ ಮನೆಗೇ ಬಾ. ವೈಲ್ಡರ್ ಇಟ್ಟ ಷರತ್ತು ಈ ಕರೆಯಲ್ಲಿ ಇರಲಿಲ್ಲ.

ಷರತ್ತು ಇದ್ದದ್ದು ಇತ್ತ ಕಡೆ. ಸಮುದ್ರ ದಾಟಿದವರನ್ನು ಜಾತಿ ಹೊರಗೆ ಹಾಕುವ ಕಾಲ. ಗಂಡನಿಲ್ಲದೆ ಒಬ್ಬಳೇ ಹೊರಟ ಹೆಂಗಸಿನ ವಿಷಯದಲ್ಲಿ ಊರಿನ ಬಾಯಿ ಕೇಳಬೇಕೆ? 1883ರ ಫೆಬ್ರವರಿ 24ರಂದು ಸೀರಾಂಪುರದ ಕಾಲೇಜಿನ ಸಭಾಂಗಣದಲ್ಲಿ ಆನಂದಿ ಇಂಗ್ಲಿಷಿನಲ್ಲಿ ಭಾಷಣ ಮಾಡಿದಳು. ಜನ ಕೇಳುತ್ತಿದ್ದ ಪ್ರಶ್ನೆಗಳನ್ನೇ ಒಂದೊಂದಾಗಿ ಎತ್ತಿಕೊಂಡು ಉತ್ತರಿಸಿದಳು. ಅಮೆರಿಕಕ್ಕೇ ಏಕೆ? ಇಲ್ಲಿ ಓದಲಾಗದೆ? ಒಬ್ಬಳೇ ಏಕೆ? ಮರಳಿ ಬಂದಾಗ ಬಹಿಷ್ಕಾರ ಹಾಕಿದರೆ? ಈ ಕೊನೆಯದಕ್ಕೆ ಅವಳ ಉತ್ತರ ನೇರವಾಗಿತ್ತು. ಇಲ್ಲಿ ಹೇಗಿದ್ದೇನೋ ಅಲ್ಲೂ ಹಾಗೆಯೇ ಇರುತ್ತೇನೆ, ಊಟ ಉಡುಗೆ ನಡೆನುಡಿ ಯಾವುದನ್ನೂ ಬದಲಿಸುವುದಿಲ್ಲ, ಹಿಂದುವಾಗಿ ಹೋಗಿ ಹಿಂದುವಾಗಿಯೇ ಬರುತ್ತೇನೆ, ಮತ್ತೆ ಬಹಿಷ್ಕಾರ ಯಾವ ಕಾರಣಕ್ಕೆ? ಭಾಷಣದ ಸುದ್ದಿ ಹರಡಿ ಹಲವು ಕಡೆಯಿಂದ ಹಣ ಬಂತು. ಅವಳ ಚಿನ್ನದ ಬಳೆಗಳೂ ದಾರಿಖರ್ಚಿಗೆ ಹೋದವು.

ಏಪ್ರಿಲ್ 7ರಂದು ಕಲ್ಕತ್ತೆಯಲ್ಲಿ ಹಡಗು ಹತ್ತಿದಳು. ಪರಿಚಯದ ಬಿಳಿಯ ಹೆಂಗಸರ ಜೊತೆ ಬಿಟ್ಟರೆ ತನ್ನವರೆಂದು ಯಾರೂ ಇರಲಿಲ್ಲ. ಹೆಚ್ಚುಕಡಿಮೆ ಎರಡು ತಿಂಗಳ ಪ್ರಯಾಣ. ಜೂನ್ 4ರಂದು ನ್ಯೂಯಾರ್ಕಿನಲ್ಲಿ ಇಳಿದಾಗ ಎದುರುಗೊಳ್ಳಲು ಬಂದಿದ್ದವರು ಕಾರ್ಪೆಂಟರ್. ಮೂರು ವರ್ಷದಿಂದ ಕೈಬರಹದಲ್ಲಷ್ಟೇ ಗೊತ್ತಿದ್ದ ಚಿಕ್ಕಮ್ಮ.

ರೋಸೆಲ್ ಆಗ ಸುದ್ದಿಯಲ್ಲಿದ್ದ ಊರು. ಥಾಮಸ್ ಎಡಿಸನ್ ಕಂಬಗಳ ಮೇಲೆ ತಂತಿ ಎಳೆದು ಇಡೀ ಊರಿಗೆ ವಿದ್ಯುತ್ ದೀಪ ಕೊಡುವ ಪ್ರಯೋಗಕ್ಕೆ ಆರಿಸಿಕೊಂಡದ್ದು ಅದನ್ನೇ. 1883ರ ಜನವರಿಯಲ್ಲಿ ದೀಪ ಹತ್ತಿತು, ಐದು ತಿಂಗಳೊಳಗೆ ಆನಂದಿ ಅಲ್ಲಿದ್ದಳು. ಅವಳ ತವರಿನ ಪಕ್ಕದ ನಮ್ಮ ಠಾಕುರ್ಲಿಯಲ್ಲಿ ರೈಲು ಓಡಿಸಲು ವಿದ್ಯುತ್ ಕೇಂದ್ರ ಶುರುವಾಗಲು 1929 ಬರಬೇಕಾಯಿತು ಎಂಬುದನ್ನು ನೆನೆದರೆ, ಆ ಹುಡುಗಿ ದಾಟಿದ ದೂರ ಎಷ್ಟೆಂದು ಅಂದಾಜಾಗುತ್ತದೆ.

ಹದಿನೆಂಟು ಮೊಳದ ಕಚ್ಚೆ ಸೀರೆ, ಹಣೆಯಲ್ಲಿ ಕುಂಕುಮ, ಸಸ್ಯಾಹಾರ. ಸೀರಾಂಪುರದಲ್ಲಿ ಕೊಟ್ಟ ಮಾತನ್ನು ರೋಸೆಲ್‌ನಲ್ಲಿ ಉಳಿಸಿಕೊಳ್ಳುವುದು ಕಷ್ಟವಾಗಲಿಲ್ಲ. ಬೇಸಿಗೆಯಾದ್ದರಿಂದ ಸೀರೆಗೆ ಹವೆ ಅಡ್ಡಿಯಾಗಲಿಲ್ಲ. ಮನೆಯವರೂ ಅಡ್ಡಿಯಾಗಲಿಲ್ಲ. ಊರಿನಿಂದ ಮುಂಬಯಿಗೆ ಬಂದು ನೆಂಟರ ಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡ ಯಾರಿಗೇ ಆದರೂ ಇದರ ಬೆಲೆ ಗೊತ್ತು. ಡೊಂಬಿವಲಿ, ಕಲ್ಯಾಣದ ಕನ್ನಡಿಗರಲ್ಲಿ ಎಷ್ಟೋ ಜನರ ಮೊದಲ ವಾರಗಳು ಹಾಗೆ ಕಳೆದಿವೆ. ಯಾವ ಹೊತ್ತಿಗೆ ಸ್ನಾನಕ್ಕೆ ಹೋಗಬಹುದು, ಎರಡನೆಯ ಸಲ ಅನ್ನ ಕೇಳಬಹುದೆ, ಅಳು ಬಂದರೆ ಎಲ್ಲಿ ಅಳುವುದು ಎಂದು ಲೆಕ್ಕ ಹಾಕುವ ವಾರಗಳು.

ಆನಂದಿ ಆ ವಾರಗಳಲ್ಲಿ ಸುಮ್ಮನೆ ಕೂರಲಿಲ್ಲ. ಬಂದು ನಾಲ್ಕು ವಾರ ಕಳೆಯುವ ಮೊದಲೇ, ಜೂನ್ 28ರಂದು, ರೋಸೆಲ್‌ನ ಮನೆಯಿಂದಲೇ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಪತ್ರ ಬರೆದಳು. 1850ರಲ್ಲಿ ಶುರುವಾದ, ಹೆಂಗಸರಿಗೆಂದೇ ಇದ್ದ ಕಾಲೇಜು ಅದು. ಸ್ವಂತ ಜನ, ಸ್ವಂತ ಜಾತಿ ಒಟ್ಟಾಗಿ ವಿರೋಧಿಸಿದರೂ ಇಲ್ಲಿಯವರೆಗೆ ಬಂದಿದ್ದೇನೆ, ಆ ಹಟವೇ ನನ್ನನ್ನು ಮುಂದಕ್ಕೂ ಕೊಂಡೊಯ್ಯಬೇಕು ಎಂದು ಅದರಲ್ಲಿ ಬರೆದಿದ್ದಾಳೆ. ಗಂಡಸು ವೈದ್ಯನ ಕೈಗೆ ಮೈ ಒಪ್ಪಿಸುವುದಕ್ಕಿಂತ ಸಾಯುವುದೇ ಮೇಲು ಎನ್ನುವ ತನ್ನ ನಾಡಿನ ಹೆಂಗಸರ ಸಲುವಾಗಿ ಕೇಳುತ್ತಿದ್ದೇನೆ ಎಂದಿದ್ದಾಳೆ. ಕಾಲೇಜಿನ ಡೀನ್ ರೇಚಲ್ ಬಾಡ್ಲಿ ಅವಳನ್ನು ಸೇರಿಸಿಕೊಂಡರು. ಅಲ್ಲಿಂದ ಮುಂದೆ ಬಲ್ಲವರು ಬಹಳ, ಆದರೆ ಆ ಪತ್ರ ಬರೆಯಲು ಒಂದು ಮೇಜು, ಒಂದು ದೀಪ, ಕೇಳುವವರಿಲ್ಲದ ಹೊತ್ತು ಕೊಟ್ಟದ್ದು ರೋಸೆಲ್‌ನ ಮನೆ.

ಗಂಡನೊಂದಿಗಿನ ಮಾತೂ ದೂರದಲ್ಲಿ ಬದಲಾಯಿತು. ಅಮೆರಿಕದಿಂದ ಬರೆದ ಒಂದು ಪತ್ರದಲ್ಲಿ ಆನಂದಿ, ನೀವು ನನ್ನನ್ನು ನಡೆಸಿಕೊಂಡದ್ದು ಒಳ್ಳೆಯದೋ ಕೆಟ್ಟದ್ದೋ ಹೇಳುವುದು ಕಷ್ಟ ಎಂದು ಗೋಪಾಲರಾಯರಿಗೆ ತಿಳಿಸುತ್ತಾಳೆ. ಹತ್ತು ವರ್ಷದವಳಿದ್ದಾಗ ಸೌದೆಯಿಂದ ಹೊಡೆದದ್ದು, ಆಮೇಲೆ ಪುಸ್ತಕ, ಕುರ್ಚಿ ಎಸೆದದ್ದನ್ನು ನೆನಪಿಸುತ್ತಾಳೆ. ಓದಿಸಿದವರೂ ಹೊಡೆದವರೂ ಒಬ್ಬರೇ ಆಗಿದ್ದಾಗ ಅದನ್ನು ಹೇಳಲು ಒಂದು ಸಮುದ್ರ ನಡುವೆ ಬೇಕಾಯಿತು.

ಅದೇ 1883ರಲ್ಲಿ ಇನ್ನೊಬ್ಬ ಹೆಂಗಸು ವೈದ್ಯಕೀಯ ಓದುವ ಆಸೆಯಿಂದ ಕಡಲು ದಾಟಿದ್ದರು. ನಮ್ಮ ಕಾರ್ಕಳ ಸೀಮೆಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು, ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. ಅವರಿಗೆ ಆಗ ಇಪ್ಪತ್ತೈದು, ಗಂಡ ತೀರಿಕೊಂಡಿದ್ದರು, ಕಂಕುಳಲ್ಲಿ ಪುಟ್ಟ ಮಗಳು ಮನೋರಮಾ. ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಕ್ರೈಸ್ತ ಸಂನ್ಯಾಸಿನಿಯರ ಮಠ ಅವರನ್ನು ಇರಿಸಿಕೊಂಡಿತು. ಕಿವಿ ಮಂದವಾಗುತ್ತಿದ್ದುದರಿಂದ ವೈದ್ಯಕೀಯ ಕೈತಪ್ಪಿತು. ಸೆಪ್ಟೆಂಬರ್ 29ರಂದು ತಾಯಿಯೂ ಮಗಳೂ ದೀಕ್ಷಾಸ್ನಾನ ಪಡೆದರು. ರಮಾಬಾಯಿ ಸ್ವಂತ ಬುದ್ಧಿಯವರು, ಆಶ್ರಯ ಕೊಟ್ಟವರೊಂದಿಗೇ ಧರ್ಮದ ವಿಷಯದಲ್ಲಿ ವರ್ಷಗಟ್ಟಲೆ ಜಗಳ ಕಾದವರು. ಆದರೆ ಅವರ ಆತಿಥೇಯರಿಗೆ ಅತಿಥಿಯ ಆತ್ಮದ ಮೇಲೆ ಒಂದು ಹಕ್ಕಿನ ಭಾವ ಇತ್ತು, ಜಗಳ ಹುಟ್ಟಿದ್ದೇ ಅಲ್ಲಿ. ಆನಂದಿಗೆ ಸಿಕ್ಕ ಮನೆಯಲ್ಲಿ ಅಂಥ ಜಗಳ ಮಾಡುವ ಪ್ರಸಂಗ ಬರಲಿಲ್ಲ.

ಅಕ್ಟೋಬರಿನಲ್ಲಿ ಆನಂದಿ ಫಿಲಡೆಲ್ಫಿಯಾ ಸೇರಿದಳು. ಚಳಿ ಬಂತು. ಕಚ್ಚೆ ಸೀರೆಯಲ್ಲಿ ಮೀನಖಂಡ ಬರಿದಾಗಿರುತ್ತದೆ, ಸೊಂಟಕ್ಕೂ ಮರೆ ಸಾಲದು. ಬಹಳ ಯೋಚಿಸಿ, ಒಳಗೆ ಲಂಗ ಹಾಕಿಕೊಳ್ಳಲು ಬರುವ, ಹಿಮ್ಮಡಿಯವರೆಗೆ ಇಳಿಯುವ ಗುಜರಾತಿ ಕ್ರಮದ ಸೀರೆಗೆ ಬದಲಾದಳು. ಬದಲಾವಣೆ ಅಷ್ಟೇ. ಆದರೆ ಏನನ್ನೂ ಬದಲಿಸುವುದಿಲ್ಲ ಎಂದು ತುಂಬಿದ ಸಭೆಯಲ್ಲಿ ಹೇಳಿ ಬಂದವಳಿಗೆ ಅದು ಸಣ್ಣದಾಗಿರಲಿಲ್ಲ. ಮೈ ಕಾಯುವ ಬಟ್ಟೆಗೂ ಊರಿಗೆ ಲೆಕ್ಕ ಒಪ್ಪಿಸಬೇಕಿತ್ತು.

1886ರ ಮಾರ್ಚ್ 11ರಂದು ಅವಳಿಗೆ ಎಂ.ಡಿ. ಪದವಿ ಸಿಕ್ಕಿತು. ಹಿಂದೂಗಳಲ್ಲಿ ಹೆರಿಗೆಯ ವೈದ್ಯ ಅವಳ ಪ್ರಬಂಧದ ವಿಷಯ. ರಮಾಬಾಯಿ ಇಂಗ್ಲೆಂಡಿನಿಂದ ಆ ಸಮಾರಂಭಕ್ಕೆ ಬಂದಿದ್ದರು. ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಾರ್ಡು ಅವಳಿಗಾಗಿ ಕಾದಿತ್ತು. ಆದರೆ ಕ್ಷಯ ಅಷ್ಟರಲ್ಲೇ ಅವಳನ್ನು ಹಿಡಿದಿತ್ತು. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡಳು. ಇಪ್ಪತ್ತೆರಡು ತುಂಬಲು ಇನ್ನೂ ಒಂದು ತಿಂಗಳಿತ್ತು.

ಇಂದು ‘ಹೋಸ್ಟ್ ಫ್ಯಾಮಿಲಿ’ ಎಂಬುದಕ್ಕೆ ಸಂಸ್ಥೆ, ಅರ್ಜಿ, ನಿಯಮ ಎಲ್ಲ ಇವೆ. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸುವ ಆಂಬುಲೆನ್ಸ್ ದಳವಾಗಿ ಹುಟ್ಟಿದ ಎಎಫ್‌ಎಸ್ 1947ರಲ್ಲಿ ಹತ್ತು ದೇಶಗಳ 52 ವಿದ್ಯಾರ್ಥಿಗಳನ್ನು ಅಮೆರಿಕಕ್ಕೆ ಕರೆಸಿ ಮನೆಮನೆಗಳಲ್ಲಿ ಇರಿಸಿತು. ಭಾರತದ ಹೈಸ್ಕೂಲು ಮಕ್ಕಳೂ ಆ ದಾರಿಯಲ್ಲಿ ಹೋಗಿಬರುತ್ತಾರೆ. ವರ್ಷ ಮುಗಿದ ಮೇಲೆ ಆ ಮನೆಗಳ ನಂಟು ಉಳಿಯುವುದೂ ಉಂಟು, ಅಳಿಯುವುದೂ ಉಂಟು.

ಆನಂದಿಯ ನಂಟು ಉಳಿಯಿತು. ಗೋಪಾಲರಾವ್ ಹೆಂಡತಿಯ ಚಿತಾಭಸ್ಮವನ್ನು ಅಮೆರಿಕಕ್ಕೆ, ಕಾರ್ಪೆಂಟರ್ ಅವರಿಗೆ ಕಳುಹಿಸಿದರು. ನ್ಯೂಯಾರ್ಕ್ ರಾಜ್ಯದ ಪೌಕೀಪ್ಸಿಯಲ್ಲಿ ಕಾರ್ಪೆಂಟರ್ ಮನೆತನದ ಸಮಾಧಿಸ್ಥಳವಿದೆ. ಅವರು ಆ ಬೂದಿಯನ್ನು ತಮ್ಮವರ ನಡುವೆಯೇ ಹೂಳಿ ಕಲ್ಲು ನಿಲ್ಲಿಸಿದರು. ಆನಂದಿಬಾಯಿ ಜೋಶಿ ಎಂ.ಡಿ. ಎಂಬ ಹೆಸರು, ಹುಟ್ಟಿದ ಮತ್ತು ತೀರಿದ ವರ್ಷ, ವಿದ್ಯೆಗಾಗಿ ಭಾರತವನ್ನು ಬಿಟ್ಟ ಮೊದಲ ಬ್ರಾಹ್ಮಣ ಹೆಂಗಸು ಎಂಬ ಮಾತು ಅದರ ಮೇಲಿವೆ. ಸುತ್ತಲಿನ ಕಲ್ಲುಗಳ ಮೇಲಿರುವುದು ಕಾರ್ಪೆಂಟರ್ ಮನೆಯವರ ಹೆಸರು.