ತೂಬು ಯಾರ ಕೈಯಲ್ಲಿ?

ತಲಘಟ್ಟಪುರಕ್ಕೆ ಮೆಟ್ರೋ ಬಂದಿದ್ದು 2021ರ ಜನವರಿಯಲ್ಲಿ. ಬೇಸಿಗೆಯಲ್ಲಿ ಸ್ಟೇಷನ್ ಇಳಿದು ಕನಕಪುರ ರಸ್ತೆಗೆ ಬಂದ್ರೆ ಮೊದಲು ಕಣ್ಣಿಗೆ ಬೀಳೋದು ನೀರಿನ ಟ್ಯಾಂಕರ್. ತಮಾಷೆ ಏನು ಗೊತ್ತಾ? 1974ರಿಂದ ಬೆಂಗಳೂರಿಗೆ ಕಾವೇರಿ ಬರ್ತಿರೋದು ಇದೇ ದಿಕ್ಕಿನಿಂದ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪ್ ಮಾಡಿ ನೀರನ್ನ ಮೇಲಕ್ಕೆ ಎತ್ತುತ್ತಾರೆ. ತಾತಗುಣಿ ಇಲ್ಲಿಂದ ಸ್ವಲ್ಪ ಮುಂದೆ, ಅಷ್ಟೇ.

2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಹಿಂದಿನವರು ಜಾಣರು, ಕೆರೆ ಕಟ್ಟಿದ್ರು." ಮಾತು ನಿಜ, ಆದರೆ ಅರ್ಧ ನಿಜ. ಮೈಸೂರು ಸಂಸ್ಥಾನದಲ್ಲಿ ಹೊಸ ಕೆರೆಗೆ ಜಾಗ ಹುಡುಕೋದೇ ಕಷ್ಟ, ಅಷ್ಟು ಕೆರೆಗಳಿವೆ ಅಂತ ಇಂಜಿನಿಯರ್ ರಿಚರ್ಡ್ ಸ್ಯಾಂಕಿ 1866ರಲ್ಲೇ ಬರೆದಿದ್ದ. ಕಟ್ಟೋದು ಒಂದು ಸಲದ ಕೆಲಸ. ಹೂಳು ಪ್ರತಿ ವರ್ಷ ತುಂಬುತ್ತೆ, ಏರಿ ಪ್ರತಿ ಮಳೆಗೂ ಕೊರೆಯುತ್ತೆ. ಸಾಫ್ಟ್‌ವೇರ್‌ನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ರಿಲೀಸ್ ದಿನ ಕೇಕ್ ಕತ್ತರಿಸೋಕೆ ಎಲ್ಲರೂ ಇರ್ತಾರೆ, ಮೇಂಟೆನೆನ್ಸ್‌ಗೆ ಯಾರೂ ಇರಲ್ಲ.

ಹಳೆಯ ಊರುಗಳು ಮೇಂಟೆನೆನ್ಸ್‌ಗೆ ಮೊದಲೇ ಲೆಕ್ಕ ಇಟ್ಟಿದ್ದವು. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿದವರಿಗೆ ಭೂಮಿ ಬಿಟ್ಟುಕೊಟ್ಟ ವಿಷಯ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತೆ. ಬಿತ್ತುವಟ, ಕಟ್ಟುಕೊಡಗೆ ಅನ್ನೋ ಪದಗಳು ಅಲ್ಲಿಯವೇ. ಬೇಸಿಗೆಯಲ್ಲಿ ರೈತರು ಕೆರೆಯ ಹೂಳನ್ನ ಗಾಡಿಯಲ್ಲಿ ಹೊತ್ತು ಹೊಲಕ್ಕೆ ಗೊಬ್ಬರವಾಗಿ ಹಾಕ್ತಿದ್ರು.

ಇನ್ನು ತೂಬು ನೋಡಿಕೊಳ್ಳೋದು ನೀರುಗಂಟಿಯ ಕೆಲಸ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಅಂತ ತೀರ್ಮಾನಿಸೋನು ಅವನೇ. ಕೊಯ್ಲಾದ ಮೇಲೆ ಪ್ರತಿ ಗದ್ದೆಯಿಂದ ಅವನಿಗೆ ಇಷ್ಟು ಧಾನ್ಯ ಅಂತ ಆಯ ಸಲ್ಲುತ್ತಿತ್ತು. ಅಂದ್ರೆ ಅಚ್ಚುಕಟ್ಟಿನ ಕೊನೇ ಗದ್ದೆ ಒಣಗಿದ್ರೆ ಅವನ ಪಾಲೂ ಒಣಗಿದ ಹಾಗೆ. ಬರ ಬಂದು ಕೆರೆ ತುಂಬದ ವರ್ಷ ಕೆಲವು ಊರುಗಳಲ್ಲಿ 'ದಾಮಾಷಾ' ಮಾಡ್ತಿದ್ರು. ತೂಬಿನ ಹತ್ತಿರದ ಗದ್ದೆಗಳನ್ನ ಆ ವರ್ಷದ ಮಟ್ಟಿಗೆ ಎಲ್ಲರಿಗೂ ಅವರವರ ಜಮೀನಿನ ಪ್ರಮಾಣದಲ್ಲಿ ಹಂಚೋದು. ನೀರು ಕೆಳಗಿನ ಗದ್ದೆಗೆ ಹೋಗಲ್ಲ ಅಂದ್ರೆ, ಕೆಳಗಿನ ರೈತನೇ ನೀರಿನ ಹತ್ತಿರ ಬರಲಿ ಅನ್ನೋ ಲೆಕ್ಕ.

ಇಷ್ಟು ಓದಿ "ಆ ಕಾಲವೇ ಚೆನ್ನಾಗಿತ್ತು" ಅನ್ಬೇಡಿ. ನೀರುಗಂಟಿ ಹೆಚ್ಚಿನ ಕಡೆ ದಲಿತ. ಊರಿಗೆಲ್ಲ ನೀರು ಹಂಚುವವನಿಗೆ ಎಷ್ಟೋ ಊರಲ್ಲಿ ಮೇಲ್ಜಾತಿಯವರ ಬಾವಿ ಮುಟ್ಟೋ ಹಾಗಿರಲಿಲ್ಲ. ಜಮೀನಿನ ಪ್ರಮಾಣದಲ್ಲಿ ಹಂಚಿದ್ರೆ ಜಮೀನೇ ಇಲ್ಲದವನಿಗೆ ಪಾಲೂ ಇಲ್ಲ. ಅಪ್ಪನಿಂದ ಮಗನಿಗೆ ಕೆಲಸ, ಬೇಡ ಅನ್ನೋ ಹಕ್ಕು ಇಲ್ಲ. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನ ರದ್ದು ಮಾಡಿದ್ದು ನ್ಯಾಯವೇ. ಆದರೆ ಜಾತಿಯ ಕಟ್ಟು ಬಿಚ್ಚಿದ ಮೇಲೆ ಆ ಕೆಲಸಕ್ಕೆ ಸರಿಯಾದ ಸಂಬಳ ಕೊಟ್ಟು ಇನ್ನೊಬ್ಬರನ್ನ ಇಡಬೇಕಿತ್ತು. ಬಹಳಷ್ಟು ಕೆರೆಗಳಿಗೆ ಆ ಇನ್ನೊಬ್ಬರು ಬರಲೇ ಇಲ್ಲ. ಕೆರೆ 'ಸರ್ಕಾರದ್ದು' ಆಯ್ತು, ಹೂಳು ಯಾರದ್ದೂ ಅಲ್ಲ ಅಂತಾಯ್ತು.

ಈಗ ನಮ್ಮ ಅಪಾರ್ಟ್‌ಮೆಂಟ್‌ಗೆ ಬನ್ನಿ. ಮಳೆನೀರು ಸಂಗ್ರಹಕ್ಕೆ ಬೆಂಗಳೂರಲ್ಲಿ ಕಾನೂನು ಬಂದಿದ್ದು 2009ರಲ್ಲಿ. ಇಂಗುಗುಂಡಿ ಇದೆ, ಬಿಲ್ಡರ್ ಬ್ರೋಷರ್‌ನಲ್ಲೂ ಇದೆ. ಅದರ ಹೂಳು ಕೊನೇ ಸಲ ತೆಗೆದಿದ್ದು ಯಾವಾಗ? ಮೇ ತಿಂಗಳಲ್ಲಿ ಟ್ಯಾಂಕರ್ ಬರದಿದ್ರೆ ಯಾವ ಫ್ಲ್ಯಾಟ್‌ಗೆ ಎಷ್ಟು ನೀರು? ಹಂಚೋರು ಯಾರು? ಆ ದಿನ ವಾಟ್ಸಾಪ್ ಗ್ರೂಪ್‌ನಲ್ಲಿ ಜಗಳ ಆಡಿ ತೀರ್ಮಾನಿಸೋಕೆ ಆಗಲ್ಲ.

ನಮ್ಮ ಅಜ್ಜಂದಿರಿಂದ ಕಲಿಯೋದು ಇಷ್ಟೇ: ನಿಯಮವನ್ನ ನೀರು ಇರುವಾಗಲೇ ಬರೆದಿಡೋದು, ಕೊನೇ ಮನೆಗೂ ನೀರು ಮುಟ್ಟೋ ಹಾಗೆ ಬರೆಯೋದು. ಅವರು ಮಾಡದೆ ಉಳಿಸಿದ್ದು ಇನ್ನೊಂದಿದೆ. ಗುಂಡಿಗೆ ಇಳಿದು ಹೂಳು ತೆಗೆಯುವವರಿಗೆ, ವಾಲ್ವ್ ತಿರುಗಿಸುವವರಿಗೆ ಒಳ್ಳೇ ಸಂಬಳ ಕೊಟ್ಟು, ಮರ್ಯಾದೆಯಿಂದ ಹೆಸರು ಹಿಡಿದು ಕರೆಯೋದು. ಮುಂದಿನ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಪಾರ್ಕಿಂಗ್ ವಿಷಯಕ್ಕಿಂತ ಮೊದಲು ಇದನ್ನ ಎತ್ತಿ.